ಮುದ್ರೆ ತೀರಿದ ತಕ್ಕಡಿ

ಸುಂಟಿಕೊಪ್ಪದ ಡಿಪೋ ಮುಚ್ಚಿದ ವರ್ಷ
ಹರಾಜಿನಲ್ಲಿ ಮುನ್ನೂರು ರೂಪಾಯಿಗೆ ಕೂಗಿ ತಂದೆ ಇದನ್ನು.
ಬೇರೆ ಯಾರೂ ಕೂಗಲಿಲ್ಲ.
ಮುಕ್ತ ಮಾರುಕಟ್ಟೆ ಅಂದರೆ ಅದೂ ಇರಬೇಕು.

ಇಪ್ಪತ್ತೆರಡು ವರ್ಷ ನಾನು ಇದರ ಗುಮಾಸ್ತ.
ಚೆರಿ, ಪಾರ್ಚ್‌ಮೆಂಟ್, ಬಂದ ಚೀಲವೆಲ್ಲ ಮಂಡಳಿಯದು;
ಬೆಳೆದವನಿಗೆ ಒಂದು ಚೀಟಿ, ಆಮೇಲೆ ಕಂತು,
ಕಂತಿನ ಹಿಂದೆ ಇನ್ನೊಂದು ಕಂತು.
ಮಗಳ ಮದುವೆಗೆ ಬರಬೇಕಾದ ದುಡ್ಡು
ಮೊಮ್ಮಗನ ತೊಟ್ಟಿಲಿಗೆ ಬರುತ್ತಿತ್ತು.
ಬರುತ್ತಿತ್ತು, ಅದನ್ನೂ ಬರೆದುಕೊಳ್ಳಿ.

ಚಿಟ್ಯಪ್ಪ ಆಗ ರಾತ್ರಿ ಹೊತ್ತು ಚೀಲ ದಾಟಿಸುತ್ತಿದ್ದ,
ಹುಲ್ಲಿನಡಿ, ಸೌದೆಯಡಿ,
ಒಮ್ಮೆ ಹೆಣದ ಗಾಡಿಯಲ್ಲಿ ಅಂತಾರೆ, ನಾನು ನೋಡಿಲ್ಲ.
ಅವನ ಹೆಂಡತಿ ಬೊಳ್ಳವ್ವ ಬೀಜ ಹುರಿಯುವಾಗ
ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದಳು.
ತಮ್ಮದೇ ತೋಟದ ಬೀಜ, ತಮ್ಮದೇ ಒಲೆ,
ಘಮಕ್ಕೆ ಮಾತ್ರ ಪರ್ಮಿಟ್ ಇರಲಿಲ್ಲ.
ದಾರಿಯಲ್ಲಿ ಹೋಗುವ ನನಗೆ ಗೊತ್ತಾಗುತ್ತಿತ್ತು.
ಮೂಗಿಗೆ ಲೆಡ್ಜರ್ ಇಲ್ಲವಲ್ಲ ಅಂತ ಸುಮ್ಮನಿದ್ದೆ.

ಆಮೇಲೆ ಬಿಟ್ಟರು.
ಬ್ರೆಜಿಲಿನಲ್ಲಿ ಹಿಮ ಬಿದ್ದು ಗಿಡ ಸುಟ್ಟವಂತೆ,
ಇಲ್ಲಿ ಹೊಸ ಜೀಪು, ಹೊಸ ಹಲ್ಲು, ಹೊಸ ಮಾತು.
"ಇನ್ನು ನಿನ್ನ ತಕ್ಕಡಿಯನ್ನು ನಾಯಿಯೂ ಮೂಸಲ್ಲ" ಅಂದ ಚಿಟ್ಯಪ್ಪ.
ನಗುತ್ತಲೇ ಅಂದ. ನಾನೂ ನಕ್ಕೆ.
ಅಲ್ಲಿ ಗಿಡ ಮತ್ತೆ ಚಿಗುರಿತು.
ಜೀಪು ಈಗ ಬ್ಯಾಂಕಿನ ಹಿತ್ತಲಲ್ಲಿದೆ.

ಮೊನ್ನೆ ಒಂಬತ್ತು ದಾಟಿತ್ತು, ಹಿಂಬಾಗಿಲು ತಟ್ಟಿದ.
ಹೆಗಲ ಮೇಲೆ ಚೀಲ.
ಅದೇ ಕತ್ತಲು, ಚೀಲದ ಮುಖ ಮಾತ್ರ ಈ ಕಡೆ.
"ಅಂಗಡಿಯವನು ನಮ್ಮಕ್ಕನ ಮಗನೇ, ಬಾಯಿಬಿಟ್ಟು ಹೇಗೆ ಕೇಳಲಿ?
ಅವನ ಕರೆಂಟ್ ತಕ್ಕಡಿ ನಲವತ್ತೆಂಟು ಅನ್ನುತ್ತೆ.
ನಿನ್ನದು ಏನನ್ನುತ್ತೋ ನೋಡು."

ದೂಳು ಒರೆಸಿದೆ. ಗುಂಡು ಸರಿಸಿದೆ.
ಸರಳು ನಡುಗಿ, ಯೋಚಿಸಿ, ನಿಂತಿತು:
ನಲವತ್ತೊಂಬತ್ತೂ ಮುಕ್ಕಾಲು.
"ಬರೆದುಕೊಡು" ಅಂದ.
ಸೀಸದ ಮುದ್ರೆ ತೋರಿಸಿದೆ: ತೊಂಬತ್ತಾರು.
ಆಮೇಲೆ ಯಾವ ಇನ್‌ಸ್ಪೆಕ್ಟರೂ ಇದನ್ನು ಮುಟ್ಟಿಲ್ಲ,
ನಾನು ಬರೆದರೆ ಅದು ಕಾಗದ, ಅಷ್ಟೇ.

"ಅವನದಕ್ಕೆ ಯಾರ ಮುದ್ರೆ ಹಾಗಾದರೆ?"
"ಸರ್ಕಾರದ್ದೇ. ಎಡಬದಿಯಲ್ಲಿ ಇರುತ್ತೆ, ಬಗ್ಗಿ ನೋಡಬೇಕು."

ಚೀಲದ ಮೇಲೆಯೇ ಕೂತ, ಏನೂ ಅನ್ನಲಿಲ್ಲ.
ಒಳಗೆ ನನ್ನವಳು ನಾಳೆಗೆ ಬೀಜ ಹುರಿಯುತ್ತಿದ್ದಳು.
ಘಮ ಬಂದದ್ದೇ ತಡ
ಅವನ ಕಣ್ಣು ತಾನಾಗಿ ಕಿಟಕಿಯ ಕಡೆ ಹೋಯಿತು.

ತೆರೆದೇ ಇತ್ತು.