ಹೊಸಬರಿಗಾಗಿ

ಸ್ಯಾಂತ್-ಎತಿಯೆನ್ ಊರಲ್ಲಿ, ಟ್ರಾಮು ಕಿರುಗುಟ್ಟಿ ತಿರುಗುವ ಮೂಲೆಯಲ್ಲಿ
ಬೀಗದ ಕೈ ಕೊರೆದು, ಬೂಟಿಗೆ ಅಟ್ಟೆ ಹೊಡೆದು ಕೊಡುತ್ತಾಳೆ ಒದೀಲ್.
ಹೆಸರು ನನ್ನ ಕಿವಿಗೆ 'ಓದಿಲ್ಲ, ಓದಿಲ್ಲ' ಎಂದೇ ಬೀಳುತ್ತದೆ.
ನಿಜ ಹೇಳಬೇಕೆಂದರೆ, ಹೆಚ್ಚೇನೂ ಓದಿಲ್ಲ.

ಹೋದ ಮಾರ್ಚಿನಲ್ಲಿ ಒಬ್ಬಳು ತಗಡಿನ ಡಬ್ಬಿ ತಂದಿಟ್ಟಳು:
ಕೈ ಕಳೆದಿದೆ, ಹೊಸದು ಮಾಡಿ, ಶನಿವಾರ ಬರುತ್ತೇನೆ.
ಶನಿವಾರಗಳು ಬಂದವು. ಆಕೆ ಬರಲಿಲ್ಲ.
ವರ್ಷ ತುಂಬಿದ ದಿನ ಒದೀಲ್ ತಾನೇ ತೆರೆದಳು.
ಎಪ್ಪತ್ತೆಂಟು ಎಲೆ.
ಇಸ್ಪೀಟಿನ ಹಾಗಿವೆ, ಇಸ್ಪೀಟಲ್ಲ:
ಸಿಡಿಲು ಬಡಿದ ಗೋಪುರ, ಚಂದ್ರನಿಗೆ ಬೊಗಳುವ ನಾಯಿ,
ಒಂದೇ ಕಾಲಲ್ಲಿ ತಲೆಕೆಳಗಾಗಿ ತೂಗುತ್ತ
ಯಾವ ಅವಸರವೂ ಇಲ್ಲದ ಒಬ್ಬ ಮನುಷ್ಯ.
ಅಂಚಿನಲ್ಲಿ ಹೀಬ್ರೂ ಅಕ್ಷರ, ಗ್ರಹದ ಗುರುತು,
ಇರುವೆಸಾಲಿನಂಥ ಪೆನ್ಸಿಲ್ ಬರಹ.

ಹಲ್ಲಿಲ್ಲದ ಕೀಲಿ ಇಲ್ಲ, ಕೀಲಿಯಿಲ್ಲದ ಬೀಗವಿಲ್ಲ
ಎಂದುಕೊಂಡು ಭಾನುವಾರ ಹಳೆ ಪುಸ್ತಕದ ಸಂತೆಗೆ ಹೋದಳು.

'ಹೊಸಬರಿಗಾಗಿ' ಎಂದಿತ್ತು ಮೊದಲನೆಯದರ ರಟ್ಟಿನ ಮೇಲೆ.
ಒಳಗೆ, ಒಂದನೇ ಪುಟದಲ್ಲೇ, ಜೀವವೃಕ್ಷದ ಹತ್ತು ಗೋಳ,
ಇಪ್ಪತ್ತೆರಡು ದಾರಿ: 'ಇವು ತಮಗೆ ತಿಳಿದೇ ಇರುತ್ತವಷ್ಟೆ.'
ತಿಳಿದಿಲ್ಲ ಸ್ವಾಮಿ.
ಎರಡನೆಯದು ಬರೀ ಸಕ್ಕರೆ. ಈ ಎಲೆಗೆ ಮದುವೆ, ಆ ಎಲೆಗೆ ದುಡ್ಡು,
ಸಾವಿನ ಎಲೆಗೂ ಒಂದು ಪ್ರವಾಸ.
ಮೂರನೆಯದರ ಗುರು ಏಳು ವರ್ಷ ಮೌನವಿರಲು ಹೇಳಿ
ಆಮೇಲೆ ಎರಡನೇ ಸಂಪುಟ ಕೊಳ್ಳಲು ಹೇಳಿದ್ದ.
ತನ್ನ ವಯಸ್ಸು ಐವತ್ತಾರು. ಲೆಕ್ಕ ಹಾಕಿ, ಕೆಳಗಿಟ್ಟಳು.
ಕಬ್ಬಿಣದ ಕಡಲೆ,
ದಿನವಿಡೀ ಕಬ್ಬಿಣ ಕೊರೆಯುವವಳಿಗೂ.

ರಾಶಿಯ ತಳದಲ್ಲಿ ರಟ್ಟು ಕಿತ್ತ, ಹೆಸರು ಹೋದ ಒಂದು. ಎರಡು ಯೂರೋ.
'ಅರ್ಥ ಆಮೇಲೆ. ದಿನಕ್ಕೊಂದು ಎಲೆ ತೆಗೆ.
ಕಂಡದ್ದನ್ನು ಬಾಯಿಬಿಟ್ಟು ಹೇಳು. ಕಂಡದ್ದನ್ನಷ್ಟೇ.'
ಮುಂದಿನ ಹಾಳೆ ಹರಿದಿತ್ತು.

ಸೋಮವಾರ, ಸಾಣೆಯ ಪಕ್ಕದಲ್ಲಿ ಒಂದು ಎಲೆ ಒರಗಿಸಿ ಹೇಳಿದಳು:
ಗಂಟು. ಕೋಲು. ನಾಯಿ. ಹರಿದ ಚಡ್ಡಿ.
ಮುಂದೆ ನೆಲವಿಲ್ಲ. ಇವನು ನೋಡುತ್ತಿಲ್ಲ.
'ಏನಂದಿರಿ ಮದಾಮ್?'
'ನಾಲ್ಕೂವರೆ ಯೂರೋ, ಅಂದೆ.'
ಮಧ್ಯಾಹ್ನ ಮತ್ತೆ ನೋಡಿದಾಗ ಕಂಡಿತು:
ಎಡಗಾಲಿನ ಅಟ್ಟೆ ಸವೆದಿದೆ, ಹೊರಮಗ್ಗುಲಲ್ಲಿ.
ಇದನ್ನು ಯಾವ ಗುರುವೂ ಬರೆದಿರಲಿಲ್ಲ.

ಸಂಜೆ ಬೂಟು ಒಯ್ಯಲು ಬಂದ ಮುದುಕ ಆನ್ಸೆಲ್ಮ್,
ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಕೆಫೆಯಲ್ಲಿ ಎಲೆಯಾಡುವವನು,
ನೋಡಿ ನಕ್ಕ. ಅರೆ, ಈ ಹುಚ್ಚ ನಮ್ಮವನೇ!
ನಮ್ಮ ಆಟದಲ್ಲಿ ಇವನ ಹೆಸರು ಎಕ್ಸ್‌ಕ್ಯೂಸ್.
ಯಾವಾಗ ಬೇಕಾದರೂ ಇಳಿಸು, ಗೆಲ್ಲುವುದಿಲ್ಲ,
ಇಳಿಸಿದ ಮೇಲೂ ನಿನ್ನವನೇ, ಯಾರೂ ಕಸಿಯುವಂತಿಲ್ಲ.
ಕೊನೆಯ ಸುತ್ತಿನ ತನಕ ಬಚ್ಚಿಟ್ಟರೆ ಮಾತ್ರ
ಕೈತಪ್ಪಿ ಹೋಗುತ್ತಾನೆ.
'ಯಾಕೆ?'
'ಯಾಕೆ ಅಂದರೆ? ನಿಯಮ.'
ಕೆಮ್ಮಿದ; ಆ ಕೆಮ್ಮಿನಲ್ಲಿ ಇನ್ನೂ ಒಂದು ಸುರಂಗ ಇತ್ತು.
ಬೂಟು ಕಂಕುಳಲ್ಲಿಟ್ಟು ಹೊರಟ.

ಅಂಗಡಿ ಮುಚ್ಚುವ ಮುಂಚೆ ಅವಳು ಪೆನ್ಸಿಲ್ ಹುಡುಕಿದಳು.
ಇರುವೆಸಾಲಿನ ಕೆಳಗೆ, ತನ್ನ ದಪ್ಪ ಅಕ್ಷರದಲ್ಲಿ:
ಎಡ ಅಟ್ಟೆ ಸವೆದಿದೆ. ಬಚ್ಚಿಡಬಾರದು.

ಡಬ್ಬಿಗೆ ಬೀಗ ಹಾಕಲಿಲ್ಲ. ಹೊಸ ಕೈ
ಮೊಳೆಯಲ್ಲಿ ತೂಗುತ್ತಿದೆ; ಅದರ ಚೀಟಿಯಲ್ಲಿ
ಇನ್ನೂ ಶನಿವಾರ ಎಂದೇ ಇದೆ.