ಹನ್ನೊಂದೂವರೆ ಕಿಲೋ ರಾಗಿ

ಕೋಲಾರದ ಕ್ಲಾಕ್ ಟವರ್ ಹಿಂದಿನ ಸಂದಿಯಲ್ಲಿ
ಸಾಬ್‌ಜಾನ್ ಸಾಹೇಬರ ಬ್ಯಾಗಂಗಡಿ.
ಸೂಟ್‌ಕೇಸಿಗೆ ಚಕ್ರ, ಸ್ಕೂಲ್ ಬ್ಯಾಗಿಗೆ ಜಿಪ್ಪು,
ಪೋಸ್ಟ್‌ಮ್ಯಾನಿನ ಚೀಲಕ್ಕೆ ತೇಪೆ.

‘ಎಷ್ಟು ತೂಕ ಹೊರಬೇಕಮ್ಮ?’ ಅಂದರು.
ಯಾವ ಬಣ್ಣ ಅಂತ ಕೇಳಲಿಲ್ಲ.
ಅದಕ್ಕೇ ಕೂತೆ.

ಕ್ಯಾಮೆರಾ ಎರಡು. ಅರ್ಧ ಕಂತು ತೀರಿರುವ ಉದ್ದ ಲೆನ್ಸು.
ಹಗುರ ಅಂತ ಹೇಳಿ ಮಾರಿದ್ದ ಟ್ರೈಪಾಡು.
ನೀರು ಮೂರು ಲೀಟರು, ಹಗ್ಗ, ಟಾರ್ಚು, ಬ್ಯಾಟರಿ ಆರು,
ಚಳಿಗೊಂದು ಶಾಲು, ಹುಳಿಯನ್ನದ ಡಬ್ಬಿ.
ಬೆರಳ ಗೆಣ್ಣಿನ ಮೇಲೆ ಕೂಡುತ್ತಾ ಹೋದರು.
ಹನ್ನೊಂದೂವರೆ.

ಎದುರಿನ ಶೆಟ್ಟರಲ್ಲಿಂದ
ಅಷ್ಟೇ ತೂಕದ ರಾಗಿ ಬಂತು ಕಡವಾಗಿ,
ಲೆನ್ಸಿನಷ್ಟೊಂದು ಪೊಟ್ಟಣ, ನೀರಿನಷ್ಟೊಂದು ಪೊಟ್ಟಣ.
‘ಖಾಲಿ ಬ್ಯಾಗು ಎಲ್ಲರ ಬೆನ್ನಿಗೂ ಸುಳ್ಳು ಹೇಳತ್ತೆ,
ತುಂಬಿಸಿ ಮಹಡಿ ಹತ್ತಿ ಬನ್ನಿ.’

ಮೊದಲನೆಯದು ಹದಿನಾಲ್ಕು ಜೇಬಿನ ಚೆಲುವ.
ಮೂರನೇ ಮೆಟ್ಟಿಲಲ್ಲೇ
ಹಿಂದಿನಿಂದ ಯಾರೋ ಜಡೆ ಹಿಡಿದೆಳೆದ ಹಾಗಾಯಿತು.
ಎರಡನೆಯದರ ಹೆಗಲಪಟ್ಟಿ
ಈಳಿಗೆಮಣೆ.
ಮೂರನೆಯದು ಪರವಾಗಿಲ್ಲ, ಆದರೆ
ಲೆನ್ಸು ತೆಗೆಯಬೇಕಾದರೆ ಮೊದಲು ಹುಳಿಯನ್ನ ತೆಗೆಯಬೇಕು,
ಅಷ್ಟರಲ್ಲಿ ಹಕ್ಕಿ ಮಾಲೂರು ದಾಟಿರುತ್ತದೆ.

ಒಳಗೆ ಮೊಳೆಗೆ ನೇತುಹಾಕಿದ್ದ ಖಾಕಿ ಕ್ಯಾನ್ವಾಸು ಇಳಿಸಿದರು.
ಯಾರೋ ಸರ್ವೇಯರ್ ಹೇಳಿ ಮಾಡಿಸಿದ್ದಂತೆ,
ವರ್ಗವಾಯಿತು, ಒಯ್ಯಲು ಬರಲೇ ಇಲ್ಲ.
ದೊಡ್ಡ ಪೊಟ್ಟಣ ಬೆನ್ನೆಲುಬಿಗೆ ಒರಗಿಸಿದರು,
ತಳಕ್ಕೆ ಶಾಲಿನ ಬದಲು ಅವರದೇ ಟವೆಲ್ಲು.
‘ಪಟ್ಟಿ ಹೊಟ್ಟೆಗಲ್ಲಮ್ಮ, ಸೊಂಟದ ಮೂಳೆಗೆ.
ಹಾಂ. ಈಗ ಬಿಗಿಯಿರಿ.’

ಭಾರ ಹೆಗಲಿಂದಿಳಿದು ಸೊಂಟದಲ್ಲಿ ಕೂತಿತು,
ಕೆ.ಜಿ.ಎಫ್ ಬಸ್ಸಿನಲ್ಲಿ ಕೊನೆಗೂ ಸೀಟು ಸಿಕ್ಕವರ ಹಾಗೆ
ಉಸ್ಸೆಂದು.

ಹತ್ತಿ ಇಳಿದು ಬಂದೆ. ಅವರು ಬ್ಯಾಗು ನೋಡುತ್ತಿರಲಿಲ್ಲ.
‘ಬಲಭುಜ ಅರ್ಧ ಇಂಚು ತಗ್ಗು. ಏನು ಕೆಲಸ?’

ಮದುವೆ ವಿಡಿಯೋ. ಹನ್ನೆರಡು ವರ್ಷ
ಇದೇ ಭುಜದ ಮೇಲೆ ಕ್ಯಾಮೆರಾ.
ಮಾಂಗಲ್ಯದ ಹೊತ್ತಿಗೆ ಕರೆಂಟು ಹೋದರೆ ನಾನು ಕಾರಣ,
ಮದುಮಗ ಗಂಟುಮುಖ ಹಾಕಿದ್ದರೆ ನಾನು,
ಸೋದರಮಾವ ಆಲ್ಬಮ್ಮಿನಲ್ಲಿ ಇಲ್ಲದಿದ್ದರೆ
(ಅವರು ಬಂದೇ ಇರಲಿಲ್ಲ) ಆಗಲೂ ನಾನು.
ಕೂರಿಸಿದ ಗೂಬೆಗಳೆಲ್ಲ ಅಲ್ಲೇ ಕೂತು
ತಗ್ಗಿರಬೇಕು.

ಇದನ್ನು ಹೇಳಲಿಲ್ಲ. ‘ವಿಡಿಯೋ’ ಅಂದೆ ಅಷ್ಟೆ.
ಬಲಗಡೆಯ ಹೊಲಿಗೆ ಬಿಚ್ಚತೊಡಗಿದರು.
‘ಬೆಟ್ಟದಲ್ಲಿ ಯಾರ ಮದುವೆ?’

‘ಗೂಬೆ, ಸಾಹೇಬರೆ. ಕೊಂಬಿನ ಗೂಬೆ.
ಅಂತರಗಂಗೆಯ ಮೇಲೆ, ಬಂಡೆಯ ಬಿರುಕಲ್ಲಿ, ಜೋಡಿ.’
ಹೊಲಿಗೆ ಯಂತ್ರ ನಿಂತಿತು.
ಊರಲ್ಲಿ ಯಾರಿಗೂ ಹೇಳಿರದ ಮಾತು.
ಗೂಬೆಯ ಹಿಂದೆ ಹೋಗುವವಳನ್ನು
ಧಾರೆಮಂಟಪಕ್ಕೆ ಯಾರು ಕರೆದಾರು?

ತುಂಬ ಹೊತ್ತು ದಾರ ಕಚ್ಚಿಕೊಂಡಿದ್ದು ಅಂದರು,
‘ಅಲ್ಲಿನ ಕೋತಿಗಳಿಗೆ ಜಿಪ್ಪು ತೆಗೆಯೋಕೆ ಬರತ್ತೆ.
ಇನ್ನೊಂದು ಬಕಲ್ ಹಾಕ್ತೀನಿ.’

ಶನಿವಾರ, ನಾಲ್ಕೂವರೆಗೆ ಹತ್ತಲು ಶುರು.
ಮೆಟ್ಟಿಲು ಮುಗಿದವು, ಕಲ್ಲು ಶುರುವಾಯಿತು,
ಟಾರ್ಚಿನ ಬೆಳಕಲ್ಲಿ ನನ್ನದೇ ಉಸಿರು.
ಬ್ಯಾಗು ಬೆನ್ನಲ್ಲಿ ಮಾತಾಡದೆ ಬಂತು.

ಬೆಳಕು ಹರಿಯುವ ಮೊದಲು ಒಂದು ಬಂಡೆ
ಎರಡು ಕಿವಿ ನಿಮಿರಿಸಿ ನನ್ನತ್ತ ತಿರುಗಿತು.
ಕಿತ್ತಳೆ ಕಣ್ಣು. ಇಡೀ ಕೋಲಾರ ಕೆಳಗೆ ಮಲಗಿತ್ತು.
ಶಟರ್ ಒತ್ತಿದೆನೋ, ಒತ್ತಿದ ಮೇಲೆ ನೋಡಿದೆನೋ.
ಸದ್ದಿಲ್ಲದೆ ಎದ್ದು ಹೋಯಿತು.

ಕೂತು ಡಬ್ಬಿಗೆಂದು ಪಕ್ಕದ ಜೇಬಿಗೆ ಕೈಹಾಕಿದರೆ
ರಾಗಿ.
ಶೆಟ್ಟರದು, ಮರೆತ ಪೊಟ್ಟಣ, ಅರ್ಧ ಕಿಲೋಗೆ ಕಮ್ಮಿಯಿಲ್ಲ.
ಅಷ್ಟೆತ್ತರ ಹೊತ್ತು ತಂದಿದ್ದೇನೆ,
ಗೊತ್ತೇ ಆಗಿಲ್ಲ.

ಒಂದು ಹಿಡಿ ಬಂಡೆಯ ಮೇಲೆ ಚೆಲ್ಲಿ
ಉಳಿದದ್ದು ಕಟ್ಟಿಟ್ಟೆ.
ಸೋಮವಾರ ಲೆಕ್ಕ ಹೇಳಬೇಕು ಶೆಟ್ಟರಿಗೆ.
ಯಾರ ಮೇಲೆ ಹಾಕಲಿ?