ಅಡಿವೆಮ್ಮಗ ಪುಡಿ ಹೇಳಿಕೊಟ್ಟದ್ದು

ಸ್ಪೀಕರಿಗೆ ಹಾಕಿ ಫೋನ್ ಬದಿಗಿಡು, ಬರಕೋ, ಅಡಿವೆಮ್ಮ.
ಪುದೀನ ನಾಕು ಸಿವುಡು, ಕೊತ್ತಂಬರಿ ಆರು,
ಕರಿಬೇವು ನಿನ್ನ ಮನಸಿಗೆ ಬಂದಷ್ಟು.
ಸಬ್ಬಸಗಿ ಎರಡು. ಬ್ಯಾಡ, ಒಂದ ಸಾಕು,
ಅದು ಜಂಬದ ಸೊಪ್ಪು, ಉಳಿದವನ್ನ ಮಾತಾಡಾಕ ಬಿಡೂದಿಲ್ಲ.
ದೊಡ್ಡಪತ್ರಿ ಇದ್ರ ಇಪ್ಪತ್ತು ಎಲಿ.
ಇಲ್ಲದಿದ್ರ ಇಲ್ಲ.

ದೊಡ್ಡಪತ್ರಿ ಕಥೀನ ಬ್ಯಾರೆ.
ನಾ ಭಾಂಡೆ ತಿಕ್ಕೂ ಹೋಟೆಲಿನಾಗ
ಇಟಲಿ ಊಟದ ಮ್ಯಾಲ ಒಂದು ಒಣಾ ಸೊಪ್ಪು ಉದುರಸ್ತಾರ,
ಓರೆಗಾನೊ ಅಂತ ಹೆಸರು.
ಅದರ ಖಾಲಿ ಬಾಟಲಿ ತೊಳಿಯಾಕ ಬಂತು.
ತೊಳೀಲಿಲ್ಲ. ಮೂಸಿದೆ.
ಒಳಗ ಯಾರಿದ್ರಂತಿ? ನಮ್ಮವ್ವ!
ಕೆಮ್ಮು ಬಂದಾಗ ಎಲಿ ಕೆಂಡದ ಮ್ಯಾಲ ಬಾಡಿಸಿ
ರಸಾ ಹಿಂಡಿ ಎದಿಗೆ ಹಚ್ಚುತಿದ್ದ ಅವ್ವ.
ಬಾಟಲಿ ಉಡಿಯಾಗ ಮನಿಗೆ ಬಂತು.
ಕದ್ದೆ ಅನಬ್ಯಾಡ. ಖಾಲಿ ಇತ್ತು.

ತೊಳದು, ನೀರು ಝಾಡಿಸಿ, ಅರಿವ್ಯಾಗ ಸುತ್ತಿ ರಾತ್ರಿ ಬಿಡು.
ದಂಟು ಸಾರಿಗೆ, ಎಲಿ ಬಿಸಿಲಿಗೆ.
ಬಿಸಿಲಿಗೆ ಅಂದೆ, ಹೊಡದ ಹಾಕು ಅದನ್ನ. ನೆರಳಿಗೆ.
ಬಿಸಿಲಾಗ ಒಣಗಿದ್ದು ಹುಲ್ಲಾಕ್ಕೈತಿ, ದನಾ ತಿನ್ನಬೇಕು.
ನಿಮ್ಮ ರೋಣದಾಗ ಎರಡು ದಿನಾ ಸಾಕು,
ಅಲ್ಲಿ ಗಾಳೀನ ಹಪ್ಪಳದಂಗ ಗರಿಗರಿ.
ಇಲ್ಲಿ ವಾಸ್ಕೋದಾಗ ಗಾಳಿನೂ ಬೆವರತೈತಿ,
ಉಪ್ಪಿನ ಡಬ್ಬಿ ಅಳತೈತಿ, ಕಡ್ಡಿ ಗೀರಿದ್ರ ಹತ್ತೂದಿಲ್ಲ.
ಐದು ದಿನಾ ಬೇಕು. ದೊಡ್ಡಪತ್ರಿಗೆ ಒಂಬತ್ತು.
ದಪ್ಪನ ಎಲಿ, ನೀರು ಬಿಟ್ಟುಕೊಡೂದಿಲ್ಲ,
ಚೀಟಿ ರೊಕ್ಕ ಮುಚ್ಚಿಟ್ಟ ಹೆಂಗಸಿನಂಗ.
ಸಣ್ಣಗ ಹರದು ಹಾಕು, ಒಂದರ ಮ್ಯಾಲ ಒಂದು ಬೀಳದಂಗ,
ಇಲ್ಲಾಂದ್ರ ಬೂಸರು ಹಿಡೀತೈತಿ.

ಇನ್ನೊಂದು ಮಾತು. ಇದು ನಿನಗಲ್ಲ, ಬರಕೋಬ್ಯಾಡ.
ಸಡಾದ ಗುಡ್ಡದ ಮ್ಯಾಲ ನಮ್ಮ ಮನಿ, ಕೆಳಗ ಬಂದರು.
ಹಡಗಿನಿಂದ ಕಲ್ಲಿದ್ದಲು ಇಳಸೂ ದಿನಾ
ಗಾಳಿ ಈ ಕಡೆ ಮುಖಾ ಮಾಡಿದ್ರ
ಒಣಹಾಕಿದ್ದೆಲ್ಲಾ ಕರೀದು.
ಅದಕ್ಕ ಮ್ಯಾಲೊಂದು ತೆಳು ಅರಿವಿ ಹೊಚ್ಚತೀನಿ,
ಪೂರ್ಣೀದು ಹಳೀ ದುಪಟ್ಟಾ, ಒಂದು ಕಾಲಕ್ಕ ಬಿಳೇದಿತ್ತು.
ನಾಕು ಮೂಲಿಗೆ ನಾಕು ಕಲ್ಲು.
ಬಾಜೂಮನಿ ಕ್ವಿತೇರಿಯಾ ಬಾಯಿ ಮೆಣಸಿನಕಾಯಿಗೆ
ತನ್ನ ಮದಿವಿ ವೇಲು ಹೊಚ್ಚತಾಳ.
ಅದಕ್ಕರ ಬ್ಯಾರೆ ಏನು ಕೆಲಸ, ಅಂತಾಳ.

ಮೊನ್ನೆ ಐದನೇ ದಿನಾ ದುಪಟ್ಟಾ ಎತ್ತಿದೆ,
ಅಡಿಯಾಗ ಹಸರು ಹಸರಾಗೇ ಇತ್ತು.
ದುಪಟ್ಟಾ ಬಕೀಟಿನಾಗ ಅದ್ದಿದೆ.
ನೀರು ಶಾಯಿ ಆತು.
ಪೂರ್ಣಿ ಹಲ್ಲುಜ್ಜಕೋತ ನಿಂತು ನೋಡಿ ಕೇಳಿದ್ಳು,
ಸೊಪ್ಪಿಗೆ ಹೊಚ್ಚಿದಿ. ನಮಗ?
ನಾ ಎರಡನೇ ನೀರು ಹಾಕಿದೆ.
ಮೂರನೇದು ಹಾಕಿದೆ.

ಆತು, ಈಗ ಬರಕೋ.
ಅಂಗೈಯಾಗ ತಿಕ್ಕಿದ್ರ ಸಪ್ಪಳಾಗಬೇಕು,
ಒಣಗೇತೋ ಇಲ್ಲೋ ಕಿವಿಗೆ ಕೇಳು, ಕಣ್ಣಿಗಲ್ಲ.
ಮಿಕ್ಸರ್ ಬ್ಯಾಡ, ಬಿಸಿ ಆಗಿ ವಾಸನಿ ಸಾಯತೈತಿ.
ಕೈಯಿಂದನ ಪುಡಿ ಮಾಡು.
ಒಣಾ ಬೆಳ್ಳೊಳ್ಳಿ, ತರಿತರಿ ಕುಟ್ಟಿದ ಬ್ಯಾಡಗಿ,
ನಿಂಬಿಹಣ್ಣಿನ ಸಿಪ್ಪಿ ಹೆರದು ಒಣಗಿಸಿದ್ದು,
ಇದನ್ನ ಮೊದಲ ಹೇಳಬೇಕಿತ್ತು, ಮರತೆ.
ಉಪ್ಪು ಹುರದು ಹಾಕು. ನಾ ಹಾಕೂದು ಇಲ್ಲೀದು,
ದಪ್ಪ ಹರಳು, ಬೂದಿ ಬಣ್ಣ, ಕೆಸರಿನ ನೆಪ್ಪು ಹೋಗಿರೂದಿಲ್ಲ ಅದಕ್ಕ.
ನೀ ಇದ್ದದ್ದು ಹಾಕು.
ಎಷ್ಟು ಅಂತ ಕೇಳಬ್ಯಾಡ, ನೆಕ್ಕಿ ನೋಡು.

ಅಷ್ಟು ಸಿವುಡು, ಅಷ್ಟು ದಿನಾ, ಕೊನಿಗೆ ಎಷ್ಟಾತಂತಿ?
ಬಾಟಲಿ ಕುತ್ತಿಗಿ ಸೈತ ಮುಟ್ಟಲಿಲ್ಲ.
ರೊಟ್ಟಿಗೆ ಬೆಣ್ಣಿ ಸವರಿ ಉದುರಿಸ್ಕೋ,
ಸುಟ್ಟ ಗೆಣಸಿಗೂ ನಡೀತೈತಿ. ಮುಚ್ಚಳಾ ಬಿಗಿ ಇರಲಿ.
ನಿನಗೊಂದು ಚಿಟಿಗಿ ಕಳಸಬೇಕಂತಿದ್ದೆ,
ಗದಗಿನ ಬಸ್ಸಿನವನ ಕೈಯಾಗ.
ಆದ್ರ ಪೂರ್ಣಿ ರಾತ್ರಿ ಕೆಮ್ಮು ಬಂದಾಗೆಲ್ಲಾ
ಎದ್ದು ಹೋಗಿ, ಲೈಟ್ ಹಾಕದ,
ಮುಚ್ಚಳಾ ತಗದು ಮೂಸತಾಳ.

ಇರಲಿ. ಮುಂದಿನ ಸರ್ತಿ.